ಸುಧೀರನಿಗೆ, ಕಪಾಟಿನಲ್ಲಿಟ್ಟ ಕಾರ್ಡುಗಳ ಬಗ್ಗೆ

ಕಟಪಾಡಿ

ಪ್ರೀತಿಯ ಸುಧೀರನಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಅಕ್ಕ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಸುರತ್ಕಲ್ ಸೈಟಿಗೆ ಬಂದ ಹೊಸ ಸೆಂಟ್ರಿಂಗ್ ಹುಡುಗರ ಬಗ್ಗೆ ಬರೆದಿದ್ದೀಯಲ್ಲ, "ಇವರ ಆಧಾರ್ ನಕಲಿಯಾಗಿದ್ದು, ನಾಳೆ ಬಾಂಗ್ಲಾದವರು ಅಂತ ಗೊತ್ತಾದರೆ ನನ್ನ ಗತಿ ಏನು ಮಾವ" ಎಂದು, ಆ ಭಯ ನನಗೆ ಅರ್ಥವಾಗುತ್ತದೆ. 2024ರ ಅಕ್ಟೋಬರಿನಲ್ಲಿ ಮಲ್ಪೆಯಲ್ಲಿ ಪೊಲೀಸರು ಬಾಂಗ್ಲಾದೇಶದವರನ್ನು ಹಿಡಿದಾಗ ಇಲ್ಲಿಯೂ ಎಲ್ಲರ ಬಾಯಲ್ಲಿ ಅದೇ ಮಾತಿತ್ತು. ಆದರೆ ಅದರ ಮುಂದಿನ ಸಾಲು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಆಗಿದೆ. ಮೇಸ್ತ್ರಿ ಹೇಳಿದ ಅಂತ ಅವರೆಲ್ಲರ ಕಾರ್ಡು ತೆಗೆದು ನಿನ್ನ ಕಪಾಟಿನಲ್ಲಿ ಇಟ್ಟಿದ್ದೀಯಂತೆ. ಊರಿನವರಿಗಿಂತ ಕಡಿಮೆ ಕೂಲಿಗೆ ಬರುತ್ತಾರೆ, ಏನೂ ತಕರಾರಿಲ್ಲ ಅಂತಲೂ ಬರೆದಿದ್ದೀ.

ತಕರಾರು ಯಾಕಿಲ್ಲ ಅಂತ ಯೋಚನೆ ಮಾಡಿದೆಯಾ ಮಾರಾಯ? ಹೆದರಿದವನು ತಕರಾರು ಮಾಡುವುದಿಲ್ಲ. ನಿನಗೆ ಉಳಿಯುತ್ತಿರುವ ದುಡ್ಡು ಆ ಹೆದರಿಕೆಯಿಂದ ಬಂದದ್ದು.

ನಿನಗೆ ಪೊಲೀಸರ ಭಯ, ನನಗೆ ಬೇರೆಯೇ ಭಯ. ಒಂದು ದಿನ ಆ ಹುಡುಗರಲ್ಲಿ ಒಬ್ಬ ಸಾರುವೆಯಿಂದ ಬೀಳುತ್ತಾನೆ. ಜನ ಸೇರುತ್ತಾರೆ. ಆಗ ನಿನ್ನ ಬಾಯಿಂದ "ಇವ ನಮ್ಮವನಲ್ಲ, ಮೇಸ್ತ್ರಿಯ ಜನ" ಅಂತ ಬಂದುಬಿಟ್ಟರೆ?

ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಶಾರ್ಜಾದಲ್ಲಿ ಇಳಿದ ದಿನವೇ ಕಂಪೆನಿಯವರು ನನ್ನ ಪಾಸ್‌ಪೋರ್ಟು ತೆಗೆದುಕೊಂಡರು. ಪಾಸ್‌ಪೋರ್ಟು ಭಾರತ ಸರಕಾರದ ಸೊತ್ತು, ಇಟ್ಟುಕೊಳ್ಳುವ ಹಕ್ಕು ಯಾವ ಕಂಪೆನಿಗೂ ಇಲ್ಲ ಅಂತ ಆಗ ನಮಗೆ ಯಾರು ಹೇಳುತ್ತಿದ್ದರು? ನನಗಾದರೂ ವೀಸಾ ಇತ್ತು. ನಮ್ಮ ರೂಮಿನಲ್ಲಿ ಗಂಗೊಳ್ಳಿ ಕಡೆಯ ಒಬ್ಬ ಹುಡುಗ ಇದ್ದ. ಮೊದಲ ಮಾಲೀಕ ಸಂಬಳ ಕೊಡದ್ದಕ್ಕೆ ಬಿಟ್ಟು ಬಂದವನು, ವೀಸಾ ಮುಗಿದಿತ್ತು. ಅಂಥವರನ್ನು ಅಲ್ಲಿ ಖಲ್ಲಿವಲ್ಲಿ ಅನ್ನುತ್ತಿದ್ದರು. ಅವನಿಗೆ ಕೆಲಸ ಮಾತ್ರ ಎಲ್ಲಿಯೂ ಸಿಗುತ್ತಿತ್ತು, ನಮ್ಮ ಅರ್ಧ ಸಂಬಳಕ್ಕೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ. ಒಂದು ಕಟ್ಟಡದಿಂದ ಬಿದ್ದ. ಫೋರ್ಮನ್ ರಿಜಿಸ್ಟರ್ ತೆಗೆದು ತೋರಿಸಿದ, ಈ ಹೆಸರಿನವರು ಯಾರೂ ನಮ್ಮಲ್ಲಿ ಇಲ್ಲ ಅಂತ. ಬೆಳಿಗ್ಗೆ ಹೆಸರು ಹಿಡಿದು ಕರೆದು ಕೆಲಸಕ್ಕೆ ಹಚ್ಚಿದವನು ಅವನೇ.

ಜೀವ ಉಳಿಯಿತು, ಕಾಲು ನೆಟ್ಟಗಾಗಲಿಲ್ಲ. 1996ರಲ್ಲಿ ಯುಎಇ ಸರಕಾರ ಕ್ಷಮಾದಾನ ಕೊಟ್ಟಾಗ ಸುಮಾರು 2 ಲಕ್ಷ ಜನ ಅಲ್ಲಿಂದ ಹೊರಟರಲ್ಲ, ಅವರಲ್ಲಿ ಅವನೂ ಒಬ್ಬ. ಬಾಕಿ ಸಂಬಳದಲ್ಲಿ ಒಂದು ದಿರ್ಹಂ ಕೂಡ ಸಿಗಲಿಲ್ಲ. ಆ ಕೊರಗು ನನಗೆ ಇವತ್ತಿಗೂ ಉಂಟು. 2007ರಲ್ಲಿ ಕಾಗದಪತ್ರ ಇಲ್ಲದವರನ್ನು ದುಡಿಸುವ ಮಾಲೀಕನಿಗೆ 50 ಸಾವಿರ ದಿರ್ಹಂ ದಂಡ ಅಂತ ಬಂದ ಮೇಲೆ ಸೈಟುಗಳಲ್ಲಿ ಲೇಬರ್ ಕಾರ್ಡು ಕೇಳತೊಡಗಿದರು. ಅಲ್ಲಿಯವರೆಗೆ ಸಿಕ್ಕಿಬೀಳುವವನು ಕೂಲಿಯವನು, ಲಾಭ ಮಾತ್ರ ಮಾಲೀಕನಿಗೆ.

ಇನ್ನೊಂದು ಮಾತು. ಬಂಗಾಳಿ ಆಡಿದ ಕೂಡಲೇ ಬಾಂಗ್ಲಾದೇಶದವರು ಅಂತ ತೀರ್ಮಾನ ಮಾಡಬೇಡ. ಮುರ್ಶಿದಾಬಾದ್, ಮಾಲ್ದಾದವರು ಆಡುವುದೂ ಬಂಗಾಳಿಯೇ, ಅವರು ನಮ್ಮ ದೇಶದವರೇ. ಬಜ್ಪೆ ಹತ್ತಿರ ಮೀನು ಕಾರ್ಖಾನೆಯ ಟ್ಯಾಂಕಿನಲ್ಲಿ 2022ರ ಏಪ್ರಿಲಿನಲ್ಲಿ ವಿಷಗಾಳಿಗೆ ಸತ್ತ 5 ಜನರೂ ಪಶ್ಚಿಮ ಬಂಗಾಳದವರು. ಒಬ್ಬ ಒಳಗೆ ಬಿದ್ದ, ಎತ್ತಲು ಇಳಿದವರೂ ಹೋದರು. ಅವರ ಕಾಗದಪತ್ರದಲ್ಲಿ ಏನು ಕೊರತೆ ಇತ್ತು ಹೇಳು? ಅದನ್ನು ಪೇಪರಿನಲ್ಲಿ ಓದಿದಾಗಲೂ ಗಂಗೊಳ್ಳಿಯ ಹುಡುಗನೇ ಕಣ್ಣ ಮುಂದೆ ಬಂದ.

ನಿನಗೆ ಬುದ್ಧಿ ಹೇಳುವಷ್ಟು ಕಾನೂನು ನಾನು ಓದಿಲ್ಲ. ಪಕ್ಕದ ಮನೆಯ ವಕೀಲರ ಹತ್ತಿರ ನಿನ್ನ ಹೆಸರು ಹೇಳದೆ ಕೇಳಿದೆ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯಲ್ಲಿಯೇ ಉಂಟಂತೆ. ಹಾಗಾದರೆ ಕಪಾಟಿನಲ್ಲಿರುವ ಕಾರ್ಡು ನಿನ್ನನ್ನು ಹೇಗೆ ಕಾಯುತ್ತದೆ? ಅದು ಆ ಹುಡುಗರನ್ನು ಕಟ್ಟಿಹಾಕುತ್ತದೆ, ಅಷ್ಟೇ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕಾರ್ಡು ಅಸಲಿಯೋ ನಕಲಿಯೋ ಗೊತ್ತಾಗುತ್ತದಂತೆ, ಅವರ ಎದುರಿಗೇ ಮಾಡು, ಮಾಡಿ ಅವರ ಕೈಗೇ ಕೊಡು.

ಏಷ್ಯಾಡ್ ಕ್ರೀಡಾಂಗಣ ಕಟ್ಟಿದ ಕೆಲಸಗಾರರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನೂ ಅವರು ವಿವರಿಸಿದರು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ, ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಕೆಲಸ ಮಾಡಿಸಿದವನು ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ವಿಧಿ ನಮ್ಮ ದೇಶದವನೋ ಹೊರಗಿನವನೋ ಅಂತ ಕೇಳುವುದಿಲ್ಲವಂತೆ. ಮೇಸ್ತ್ರಿಯ ಜನ ಅನ್ನುವ ಮಾತು ಕೋರ್ಟಿನಲ್ಲಿಯೂ ನಿಲ್ಲುವುದಿಲ್ಲ, ಸುಧೀರ.

ಯಾರಾದರೂ ನಿಜವಾಗಿ ಗಡಿ ದಾಟಿ ಬಂದವರಾಗಿದ್ದರೆ, 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಪಾಸ್‌ಪೋರ್ಟಿಲ್ಲದೆ ಬಂದವರಿಗೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹಾಗಾಗಿ ಅಡಗಿಸಿಡಬೇಡ. ರಾತ್ರೋರಾತ್ರಿ ರೈಲು ಹತ್ತಿಸಿ ಕೈ ತೊಳೆದುಕೊಳ್ಳಲೂ ಬೇಡ. ವಕೀಲರನ್ನು ಕರೆದುಕೊಂಡು ನೀನೇ ಠಾಣೆಗೆ ಹೋಗು. ಅದಕ್ಕಿಂತ ಮೊದಲು ದುಡಿದ ದಿನಗಳ ಲೆಕ್ಕ ಚುಕ್ತಾ ಆಗಿರಬೇಕು. ಠಾಣೆ ಮೆಟ್ಟಿಲು ಹತ್ತು ಅಂತ ಅಳಿಯನಿಗೆ ಬರೆಯುವುದು ನನಗೂ ಕಷ್ಟವೇ, ಬೇಸರ ಮಾಡಬೇಡ.

ಉಳಿದದ್ದು ನಿನಗೆ ಗೊತ್ತಿರುವುದೇ. ಬಟವಾಡೆ ಮೇಸ್ತ್ರಿಯ ಕೈಗೆ ಕೊಡದೆ ಒಬ್ಬೊಬ್ಬರಿಗೂ ನೀನೇ ಕೊಡು, ಊರಿನವರಿಗೆ ಕೊಡುವಷ್ಟೇ ಕೊಡು. ಹೆಸರು ರಿಜಿಸ್ಟರಿನಲ್ಲಿ ಇರಲಿ. ವರ್ಷದಲ್ಲಿ 90 ದಿನ ದುಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಬಹುದು, ಆ ಸರ್ಟಿಫಿಕೇಟಿಗೆ ಸಹಿ ಕೇಳಿದರೆ ಹಿಂದೆ ಮುಂದೆ ನೋಡಬೇಡ. ಹೆಲ್ಮೆಟು, ಬೆಲ್ಟು ಕೊಡಿಸಿದ್ದೀಯಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಕೂಲಿ ಸರಿಸಮ ಮಾಡಿದರೆ ಈ ಕಂತ್ರಾಟಿನಲ್ಲಿ ನಿನಗೆ ಕೈ ಕಚ್ಚಬಹುದು, ಅದು ನನಗೆ ಗೊತ್ತು. ಬ್ಯಾಂಕಿನಲ್ಲಿ ನನ್ನ ಡಿಪಾಸಿಟ್ ಉಂಟು. ಬಾಕಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ಬರೆ, ಅಕ್ಕನಿಗೆ ಹೇಳುವುದು ಬೇಡ. ಕಾರ್ಡುಗಳನ್ನು ಮಾತ್ರ ಈ ಪತ್ರ ಮುಟ್ಟಿದ ದಿನವೇ ಕೊಟ್ಟುಬಿಡು, ಕೊಟ್ಟು ನನಗೊಂದು ಫೋನ್ ಮಾಡು.

ನಿನ್ನ ಮಾವ