ಇಂಗಾಲ ಹೀರುವ ಯಂತ್ರಗಳ ಕುರಿತು ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಗಾಳಿಯಿಂದ ಇಂಗಾಲವನ್ನು ಹೀರುವ ಯಂತ್ರಗಳು ಬಂದಿರುವುದರಿಂದ ಹವಾಮಾನದ ಹಾನಿಯನ್ನು ಸುಲಭವಾಗಿ ಸರಿಪಡಿಸಬಹುದು ಎಂಬ ಸಂದೇಶವೊಂದು ನಿನ್ನೆಯಿಂದ ನಮ್ಮ ಗುಂಪಿನಲ್ಲಿ ಹರಿದಾಡುತ್ತಿದ್ದು, ಹಲವರು ವಿವರಣೆ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಯಂತ್ರಗಳಿರುವುದು ನಿಜ. ಐಸ್‌ಲ್ಯಾಂಡಿನಲ್ಲಿ 2021ರಲ್ಲಿ ಆರಂಭವಾದ ‘ಓರ್ಕಾ’ ಸ್ಥಾವರದಲ್ಲಿ ದೊಡ್ಡ ಫ್ಯಾನುಗಳು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಫಿಲ್ಟರಿಗೆ ಅಂಟಿಕೊಂಡ ಇಂಗಾಲದ ಡೈಆಕ್ಸೈಡನ್ನು ಕಾಯಿಸಿ ಬಿಡಿಸಿ, ನೀರಿನಲ್ಲಿ ಕರಗಿಸಿ, ನೆಲದಾಳದ ಬಸಾಲ್ಟ್ ಶಿಲೆಗೆ ಇಳಿಸಲಾಗುತ್ತದೆ, ಅಲ್ಲಿ ಅದು ಕೆಲವೇ ವರ್ಷಗಳಲ್ಲಿ ಕಲ್ಲಾಗುತ್ತದೆ. ಮೆಚ್ಚಬೇಕಾದ ಕೆಲಸವೇ. ಆದರೆ ಅದನ್ನು ಕಟ್ಟಿದ್ದು ವರ್ಷಕ್ಕೆ 4,000 ಟನ್ ಹೀರುವ ಲೆಕ್ಕದಲ್ಲಿ. ಕಲ್ಲಿದ್ದಲು, ತೈಲ, ಅನಿಲಗಳನ್ನು ಉರಿಸಿ ಜಗತ್ತು ವರ್ಷಕ್ಕೆ ಹೊರಬಿಡುವುದು ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿದರೆ, ಆ ಸ್ಥಾವರದ ಇಡೀ ವರ್ಷದ ದುಡಿಮೆ ನಾಲ್ಕು ಸೆಕೆಂಡುಗಳ ಹೊಗೆಗೂ ಸಾಲದು.

ಹೊಗೆಯನ್ನೇ ನಿಲ್ಲಿಸಿದರೆ? ಇಂಗಾಲದ ಡೈಆಕ್ಸೈಡಿನ ನಿವ್ವಳ ಹೊರಸೂಸುವಿಕೆ (ಹೊರಬಿಟ್ಟದ್ದರಲ್ಲಿ ಹೀರಿ ತೆಗೆದದ್ದನ್ನು ಕಳೆದು ಉಳಿಯುವುದು) ಸೊನ್ನೆಗೆ ಇಳಿದಾಗ ತಾಪಮಾನದ ಏರಿಕೆ ಬಹುಮಟ್ಟಿಗೆ ನಿಲ್ಲುತ್ತದೆಯಾದರೂ, ಈಗಾಗಲೇ ಏರಿರುವುದು ಶತಮಾನಗಳವರೆಗೆ ಹೆಚ್ಚೇನೂ ಇಳಿಯುವುದಿಲ್ಲ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಕಡಿದ ಕಾಡು ಮತ್ತೆ ಬೆಳೆಯಬಹುದು. ಸಮುದ್ರ ಮಟ್ಟ ಮಾತ್ರ, ಆಳದ ನೀರು ನಿಧಾನವಾಗಿ ಕಾದು ಹಿಗ್ಗುತ್ತಿರುವುದರಿಂದ, ಶತಮಾನಗಳ ಕಾಲ ಏರುತ್ತಲೇ ಇರುತ್ತದೆ.

ಸಂದೇಶವನ್ನು ಬೇರೆ ಗುಂಪುಗಳಿಗೆ ಕಳುಹಿಸುವವರು ಈ ಅಂಕಿಗಳನ್ನೂ ಜೊತೆಗೆ ಸೇರಿಸಬೇಕೆಂದು ಕೋರುತ್ತೇನೆ.