ಶನಿವಾರದೊಳಗೆ ನಿಮ್ಮ ಡಿಎನ್‌ಎಸ್ ಸರ್ವರನ್ನು ಒಮ್ಮೆ ಪರೀಕ್ಷಿಸಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ರಾತ್ರಿ 10 ಗಂಟೆಗೆ ನಮ್ಮ ಹಳೆಯ ರಿಸಾಲ್ವರ್ (ಡೊಮೇನ್ ಹೆಸರಿನ ವಿಳಾಸವನ್ನು ಡಿಎನ್‌ಎಸ್‌ನಲ್ಲಿ ಕೇಳಿ ತಿಳಿಯುವ ತಂತ್ರಾಂಶ) ತೆಗೆದು ಹೊಸ ಆವೃತ್ತಿ ಹಾಕುತ್ತಿದ್ದೇವೆ. ಸ್ವಂತ ನೇಮ್‌ಸರ್ವರ್ (ತಮ್ಮ ಡೊಮೇನ್ ಬಗ್ಗೆ ಉತ್ತರ ಕೊಡುವ ಡಿಎನ್‌ಎಸ್ ಸರ್ವರ್) ನಡೆಸುವವರು ಮಾತ್ರ ಗಮನಿಸಿ, ಉಳಿದವರಿಗೆ ಏನೂ ಕೆಲಸವಿಲ್ಲ.

ವಿಷಯ ಇಷ್ಟೇ. ಇಡಿಎನ್‌ಎಸ್ (ದೊಡ್ಡ ಉತ್ತರಕ್ಕೂ ಹೆಚ್ಚಿನ ಮಾಹಿತಿಗೂ ಜಾಗ ಕೊಡುವ ಡಿಎನ್‌ಎಸ್ ವಿಸ್ತರಣೆ) ಬಳಸಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಹಳೆಯ ರಿಸಾಲ್ವರ್ ಸಾದಾ ಪ್ರಶ್ನೆಯನ್ನು ಮತ್ತೆ ಕೇಳಿ ನೋಡುತ್ತಿತ್ತು. 2019ರ ಫೆಬ್ರವರಿ 1ರ ಡಿಎನ್‌ಎಸ್ ಫ್ಲ್ಯಾಗ್ ಡೇ (ತಂತ್ರಾಂಶದವರು ಸೇರಿ ಈ ಬದಲಾವಣೆಗೆ ಗೊತ್ತುಮಾಡಿದ್ದ ದಿನ) ನಂತರ ಬೈಂಡ್, ಅನ್‌ಬೌಂಡ್‌ನಂಥ ರಿಸಾಲ್ವರ್‌ಗಳ ಹೊಸ ಆವೃತ್ತಿಗಳು ಈ ಉಪಕಾರ ನಿಲ್ಲಿಸಿವೆ. ಸರ್ವರ್ ಸುಮ್ನೆ ಕೂತರೆ ಅದು ಸತ್ತಿದೆ ಎಂದೇ ಲೆಕ್ಕ. ಇಡಿಎನ್‌ಎಸ್ ಗೊತ್ತಿಲ್ಲದ ಸರ್ವರ್ ‘ಫಾರ್ಮ್‌ಎರರ್’ (ಪ್ರಶ್ನೆಯ ರೂಪ ಅರ್ಥವಾಗಲಿಲ್ಲ) ಎಂದಾದರೂ ಹೇಳಬೇಕು.

ಹೊರಗಿನ ನೆಟ್‌ವರ್ಕ್‌ನಿಂದ ಡಿಗ್ (ಡಿಎನ್‌ಎಸ್ ಪ್ರಶ್ನೆ ಕೇಳಿ ನೋಡುವ ಕಮಾಂಡ್) ಓಡಿಸಿ ನಿಮ್ಮ ಸರ್ವರನ್ನು ಕೇಳಿ. ಒಮ್ಮೆ ‘ನೋಇಡಿಎನ್‌ಎಸ್’ ಆಯ್ಕೆ ಹಾಕಿ (ಸಾದಾ ಪ್ರಶ್ನೆ), ಇನ್ನೊಮ್ಮೆ ‘ಡಿಎನ್‌ಎಸ್‌ಸೆಕ್’ ಹಾಕಿ (ಇಡಿಎನ್‌ಎಸ್ ಪ್ರಶ್ನೆ). ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದು ಟೈಮ್‌ಔಟ್ ಆದರೆ ಮೊದಲು ಫೈರ್‌ವಾಲ್ ನೋಡಿ. ನಾನು ಎರಡು ದಿನ ಝೋನ್ ಫೈಲ್ (ಡೊಮೇನ್ ದಾಖಲೆಗಳ ಕಡತ) ಕೆದಕಿ ಕೂತಿದ್ದೆ, ಕಳ್ಳ ಇದ್ದದ್ದು ಫೈರ್‌ವಾಲ್‌ನಲ್ಲಿ! 512 ಬೈಟ್ ಮೀರಿದ ಯುಡಿಪಿ ಉತ್ತರವನ್ನು ಬಿಸಾಡುವ ಹಳೆಯ ನಿಯಮವಿದ್ದರೆ ತೆಗೆಸಿ. ಡಿಎನ್‌ಎಸ್ ಬಳಸುವ 53ನೇ ಪೋರ್ಟ್ ಯುಡಿಪಿಯ ಜೊತೆ ಟಿಸಿಪಿಗೂ ತೆರೆದಿರಲಿ, ಇದನ್ನು ಮರೆಯುವವರೇ ಜಾಸ್ತಿ. ದೊಡ್ಡ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗುತ್ತಿದ್ದರೆ ಸರ್ವರ್‌ನ ಇಡಿಎನ್‌ಎಸ್ ಬಫರ್ ಗಾತ್ರ (ಒಂದು ಯುಡಿಪಿ ಉತ್ತರದ ಗರಿಷ್ಠ ಅಳತೆ) 1232 ಬೈಟ್‌ಗೆ ಇಳಿಸಿ, ಪ್ಯಾಕೆಟ್ ತುಂಡಾಗುವ ಕಾಟ ತಪ್ಪುತ್ತದೆ.

ನೋಡಿದವರು ಶುಕ್ರವಾರ ಸಂಜೆ 6ರೊಳಗೆ ಡೊಮೇನ್ ಹೆಸರಿನ ಜೊತೆ ‘ಸರಿ’ ಅಥವಾ ‘ತೊಂದರೆ’ ಎಂದು ಇಲ್ಲೇ ಬರೆಯಿರಿ. ತೊಂದರೆ ಇದ್ದರೆ ಡಿಗ್ ಉತ್ತರವನ್ನೂ ಹಾಕಿ, ಸ್ಕ್ರೀನ್‌ಶಾಟ್ ಬೇಡ, ಅಕ್ಷರವೇ ಇರಲಿ.