ಡೇಟ್ಸ್ ಡೈರಿ ಕೈಗೆ ತಗೊಳ್ಳುವ ಮೊದಲು

ಪ್ರೀತಿಯ ಪುಟ್ಟಿ,

ಕೋರಮಂಗಲದ ಕೆಲಸ ಬಿಟ್ಟು ಕಲಾವಿದರ ಮ್ಯಾನೇಜರ್ ಆಗುತ್ತೀಯಂತೆ. ನಿಮ್ಮಪ್ಪ ಫೋನ್ ಮಾಡಿ "ಅಕ್ಕಾ, ನೀನೇ ಸ್ವಲ್ಪ ಬುದ್ಧಿ ಹೇಳು" ಅಂದ. ಹೇಗಾದರೂ ಬಿಡಿಸು ಅಂತ ಅವನ ಅರ್ಥ. ನಾನು ಬಿಡಿಸುವುದಿಲ್ಲ. ಗಾಂಧಿನಗರದ ಪ್ರೊಡಕ್ಷನ್ ಆಫೀಸಿನಲ್ಲಿ ಲೆಕ್ಕ ಬರೆದೇ ತಲೆ ನರೆತವಳು ನಾನು. ಮ್ಯಾನೇಜರ್‌ಗಳು ನನ್ನ ಮೇಜಿನ ಎದುರು ಕೂತು ಚೆಕ್ಕಿಗೆ ಕಾಯುತ್ತಿದ್ದರು. ಅವರಲ್ಲಿ ಯಾರು ಉಳಿದರು, ಯಾರು ಕಾಣೆಯಾದರು ಅಂತ ನೋಡಿದ್ದೇನೆ.

"ಇದೂ ಒಂದು ಕೆಲಸಾನಾ" ಅಂತ ನಿಮ್ಮಪ್ಪ ಕೇಳಿದರೆ ಪಾರ್ವತಮ್ಮನವರ ಹೆಸರು ಹೇಳು. ರಾಜ್‌ಕುಮಾರ್ ಅವರ ಕಾಲ್‌ಶೀಟು, ಕಥೆ, ಸಂಭಾವನೆ ಎಲ್ಲದರಲ್ಲೂ ಹೆಂಡತಿಯಾದ ಅವರ ಮತ್ತು ಸಹೋದರ ವರದಪ್ಪನವರ ಮಾತು ನಡೆಯುತ್ತಿತ್ತು. ಆಗ ಮನೆಯವರೇ ಮ್ಯಾನೇಜರ್. ಈಗ ಕಲಾವಿದರಿಗೆ ಸಿನಿಮಾ ಒಂದೇ ಅಲ್ಲ. ಜಾಹೀರಾತು, ರಿಯಾಲಿಟಿ ಶೋ, ರೀಲ್ಸ್, ಅಂಗಡಿ ಉದ್ಘಾಟನೆ, ನವೆಂಬರ್ ಬಂದರೆ ಊರೂರಿನ ರಾಜ್ಯೋತ್ಸವ. ಮನೆಯವರ ಕೈಯಲ್ಲಿ ಆಗುವ ಕೆಲಸವಾ ಇದು?

ಡೇಟ್ಸ್ ನೋಡುವುದೆಂದರೆ ಕ್ಯಾಲೆಂಡರ್ ತುಂಬುವುದು ಅಂದುಕೊಳ್ಳಬೇಡ. ಒಂದು ಸಿನಿಮಾಗೆ ಉದ್ದ ಗಡ್ಡ ಬಿಟ್ಟ ಹೀರೋ, ಇನ್ನೊಂದಕ್ಕೆ ಕ್ಲೀನ್ ಶೇವ್. ಮೊದಲನೆಯದರ ಒಂದು ಹಾಡು ಬಾಕಿ ಇದೆ. ಕಂಠೀರವ ಸ್ಟುಡಿಯೋದಲ್ಲಿ ಸೆಟ್ ಹಾಕಿ ಕಾಯುತ್ತಿದ್ದಾರೆ. ಗಡ್ಡ ಬೋಳಿಸಿದರೆ ಕಂಟಿನ್ಯೂಟಿ, ಅಂದರೆ ಮೊದಲು ತೆಗೆದ ದೃಶ್ಯಗಳ ಜೊತೆಗಿನ ಹೊಂದಿಕೆ, ಹೋಯಿತು. ಬೋಳಿಸದಿದ್ದರೆ ಎರಡನೇ ನಿರ್ಮಾಪಕ ಫಿಲಂ ಚೇಂಬರ್ ಮೆಟ್ಟಿಲು ಹತ್ತುತ್ತಾನೆ. ಬೈಗುಳ ಹೀರೋಗೆ ಬೀಳುವುದಿಲ್ಲ, ಅವನ ಜೊತೆ ಎಲ್ಲರಿಗೂ ನಾಳೆ ಕೆಲಸ ಇದೆ ಅಲ್ವಾ! ನಿನಗೇ ಬೀಳುತ್ತದೆ. ಅದಕ್ಕೆ ಸಿದ್ಧಳಾಗಿರು.

ನಾನು ಮುಖ್ಯವಾಗಿ ಹೇಳಬೇಕಾದದ್ದು ದುಡ್ಡಿನ ವಿಷಯ. ಕಮಿಷನ್ ಒಂದೇ ಕಡೆಯಿಂದ ತಗೋ, ಅದೂ ಕಲಾವಿದರಿಗೆ ಗೊತ್ತಿರುವ ಹಾಗೆ.

ಸುಲಭ ಅನಿಸುತ್ತದೆ. ಆದರೆ ನಾನು ಕಂಡ ಮ್ಯಾನೇಜರ್‌ಗಳು ಜಾಸ್ತಿ ಜಾರಿದ್ದು ಇಲ್ಲೇ. ಒಬ್ಬ ಇದ್ದ, ಹೆಸರು ಬೇಡ. ಬಟ್ಟೆ ಅಂಗಡಿ ಉದ್ಘಾಟನೆಗೆ ನಟಿಯೊಬ್ಬರನ್ನು ಒಪ್ಪಿಸಿದ. ಅಂಗಡಿಯವರ ಹತ್ತಿರ ಒಂದು ಮೊತ್ತ ತೆಗೆದುಕೊಂಡ, ಆಕೆಗೆ ಹೇಳಿದ್ದೇ ಬೇರೆ ಮೊತ್ತ. ಮಾಲೀಕರು ಮೈಕ್ ಹಿಡಿದ ಖುಷಿಯಲ್ಲಿ "ಇಷ್ಟು ಲಕ್ಷ ಕೊಟ್ಟು ಮೇಡಂನ ಕರೆಸಿದ್ದೀವಿ" ಅಂದುಬಿಟ್ಟರು. ಆಕೆ ನಗುತ್ತಲೇ ರಿಬ್ಬನ್ ಕತ್ತರಿಸಿದರಂತೆ. ಮಾರನೇ ದಿನದಿಂದ ಅವನ ಫೋನ್ ಎತ್ತಲಿಲ್ಲ. ಮುಂದೆ ನಮ್ಮ ಆಫೀಸಿನವರೂ ಅವನನ್ನು ಕೂರಿಸಲಿಲ್ಲ. ನಿರ್ಮಾಪಕರ ಕಡೆಯಿಂದಲೂ "ನಿನಗೂ ಏನಾದರೂ ನೋಡಿಕೊಳ್ಳೋಣ, ರೇಟು ಸ್ವಲ್ಪ ಇಳಿಸು" ಅಂತ ಬರುತ್ತಾರೆ. ನಿನ್ನ ಹತ್ತಿರವೂ ಬರುತ್ತಾರೆ, ಮೊದಲ ವರ್ಷವೇ ಬರುತ್ತಾರೆ. ನೀನು ಯಾರ ಕಡೆಯವಳು ಅನ್ನುವುದು ಆಗ ಅವರಿಗೆ ಗೊತ್ತಾಗಬೇಕು.

ಕಲಾವಿದರ ದುಡ್ಡು ನಿನ್ನ ಖಾತೆಗೆ ಬರಲೇಬಾರದು. ನೇರವಾಗಿ ಅವರ ಖಾತೆಗೆ ಹೋಗಲಿ. ನಿನ್ನ ಕಮಿಷನ್‌ಗೆ ನೀನು ಬೇರೆ ಬಿಲ್ ಕೊಡು. ಕಲಾವಿದರ ಸಂಭಾವನೆಯಲ್ಲಿ ನಿರ್ಮಾಪಕರು ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಹಿಡಿದದ್ದನ್ನು ಕಟ್ಟಿದ್ದಾರಾ ಅಂತ ತೆರಿಗೆ ಪೋರ್ಟಲ್‌ನಲ್ಲಿ ನೋಡುವುದೂ ನಿನ್ನ ಕೆಲಸವೇ. ಮಾತಾಡಿದ ಮೊತ್ತದ ಜೊತೆ "ಜಿಎಸ್‌ಟಿ ಪ್ರತ್ಯೇಕ" ಅನ್ನುವ ಎರಡು ಪದ ಬರೆಸು. ಬರೆಸದಿದ್ದರೆ ಆ ಶೇ. 18 ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಇನ್ನು ಊರ ಕಡೆಯ ಕಾರ್ಯಕ್ರಮಗಳಲ್ಲಿ ಕವರಿನಲ್ಲಿ ನೋಟು ತುಂಬಿ ಕೊಡುವ ಅಭ್ಯಾಸ ಹೋಗಿಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತೆಗೆದುಕೊಂಡವರ ತಲೆಗೆ. ರೀಲ್ಸ್ ಮಾಡಿದ್ದಕ್ಕೆ ಕಂಪನಿಯವರು ಕೊಟ್ಟ ಫೋನನ್ನು ಇಟ್ಟುಕೊಂಡರೂ ಅದು ಆದಾಯದ ಲೆಕ್ಕಕ್ಕೆ ಬರುತ್ತದೆ, ವರ್ಷಕ್ಕೆ 20 ಸಾವಿರ ದಾಟಿದರೆ ಅದಕ್ಕೂ ಟಿಡಿಎಸ್ ಇದೆ. ಹುಡುಗರು ಇದನ್ನು ಸುಮ್ನೆ ಗಿಫ್ಟ್ ಅಂದುಕೊಳ್ಳುತ್ತಾರೆ.

ಸಂಭಾವನೆಯ ಬ್ಯಾಲೆನ್ಸ್ ವಸೂಲಿ ಮಾಡುವುದು ಯಾವಾಗ ಅಂತ ಕೇಳಿದರೆ ನನ್ನ ಉತ್ತರ ಒಂದೇ. ಡಬ್ಬಿಂಗ್ ಮುಗಿಯುವ ಮುಂಚೆ. ಆಮೇಲೆ "ರಿಲೀಸ್ ಆಗಲಿ ಮೇಡಂ" ಅನ್ನುತ್ತಾರೆ. ರಿಲೀಸ್ ಆದ ಮೇಲೆ ಸಿನಿಮಾ ಓಡಲಿಲ್ಲ ಅನ್ನುತ್ತಾರೆ. ಆ ಮಾತನ್ನು ಆಫೀಸಿನ ಪರವಾಗಿ ನಾನೇ ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದೇನೆ, ಅದಕ್ಕೇ ಗೊತ್ತು.

ಜಾಹೀರಾತಿಗೆ ಬರೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸುಳ್ಳು ಜಾಹೀರಾತಿನಲ್ಲಿ ಕಾಣಿಸಿಕೊಂಡ ಕಲಾವಿದರಿಗೂ 10 ಲಕ್ಷದವರೆಗೆ ದಂಡ ಇದೆ. ಮತ್ತೆ ಮಾಡಿದರೆ 50 ಲಕ್ಷ. ಒಂದು ವರ್ಷ ಯಾವ ಜಾಹೀರಾತೂ ಮಾಡದ ಹಾಗೆ ತಡೆಯಬಹುದು, ಎರಡನೇ ಸಲಕ್ಕೆ ಮೂರು ವರ್ಷ. ಹೇಳಿದ್ದು ನಿಜವೇ ಅಂತ ಮೊದಲೇ ವಿಚಾರಿಸಿದ್ದರೆ ಮಾತ್ರ ಬಚಾವ್. ಆ ವಿಚಾರಿಸುವ ಕೆಲಸ ನಿನ್ನದು. ಕೂದಲು ಬೆಳೆಸುವ ಎಣ್ಣೆ ಅಂತ ಬಂದರೆ ಲ್ಯಾಬ್ ವರದಿ ಕೇಳು, ಫೈಲಿನಲ್ಲಿ ಇಡು. ಕೊಡದಿದ್ದರೆ ಎದ್ದು ಬಾ. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳ ಮಾತಂತೂ ಬೇಡವೇ ಬೇಡ. 2025ರ ಕಾನೂನಿನಲ್ಲಿ ಅದರ ಜಾಹೀರಾತಿಗೇ ಎರಡು ವರ್ಷದವರೆಗೆ ಜೈಲು ಇದೆ. ಕಾನೂನು ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ನಮ್ಮ ಬೀದಿಯ ಆಟೋ ಹುಡುಗನ ಸಾಲ ನೋಡಿದ್ದೇನೆ.

ಕೆಲವು ಸಲ ಶೇಕಡಾ ಲೆಕ್ಕವನ್ನು ಪಕ್ಕಕ್ಕೆ ಇಡಬೇಕಾಗುತ್ತದೆ. ನಂದಿನಿ ಹಾಲಿನ ಜಾಹೀರಾತಿಗೆ ರಾಜ್‌ಕುಮಾರ್ ದುಡ್ಡು ಮುಟ್ಟದೆ ನಿಂತರು, ಪುನೀತ್ ಕೂಡ ಹಾಗೇ ಮಾಡಿದರು. ನಿನ್ನ ಕಲಾವಿದರೂ ಒಂದು ದಿನ ಅಂಥದ್ದೇನಾದರೂ ಮಾಡುತ್ತೇನೆ ಅಂದರೆ ನಿನ್ನ ಪಾಲು ಸೊನ್ನೆ. ಅವತ್ತು ಮುಖ ಸಣ್ಣ ಮಾಡಿಕೊಳ್ಳಬೇಡ. ಡೇಟ್ಸ್ ಹೊಂದಿಸಿ ಕೊಡು.

ರಾತ್ರಿ ಪಾರ್ಟಿ, ತಡವಾಗಿ ಮನೆಗೆ ಬರುವುದು ಎಲ್ಲ ನಿಮ್ಮಮ್ಮ ಹೇಳುತ್ತಾಳೆ, ನಾನು ಹೇಳಲ್ಲ. ಒಂದು ಮಾತು ಮಾತ್ರ. ಮೀಟಿಂಗ್ ಆಫೀಸಿನಲ್ಲಿ ಇಟ್ಟುಕೋ, ಹಗಲು ಹೊತ್ತು ಇಟ್ಟುಕೋ. ಒಪ್ಪಿದ್ದನ್ನು ಅವತ್ತೇ ಇಮೇಲ್‌ನಲ್ಲಿ ಬರೆದು ಕಳಿಸು.

ಈ ಕೆಲಸಕ್ಕೆ ಪರೀಕ್ಷೆ ಇಲ್ಲ, ಲೈಸೆನ್ಸ್ ಇಲ್ಲ. ಯಾರು ಬೇಕಾದರೂ ಕಾರ್ಡ್ ಮಾಡಿಸಿಕೊಳ್ಳಬಹುದು. ಅದಕ್ಕೇ ಒಂದೆರಡು ವರ್ಷ ಯಾವುದಾದರೂ ಏಜೆನ್ಸಿಯಲ್ಲಿ ಸಂಬಳಕ್ಕೆ ದುಡಿದು ಆಮೇಲೆ ಸ್ವಂತಕ್ಕೆ ಇಳಿ. ಕಲಾವಿದರ ಜೊತೆ ಒಪ್ಪಂದ ಮಾಡುವಾಗ ಐದು ವರ್ಷ ಕಟ್ಟಿಹಾಕಲು ಹೋಗಬೇಡ. ಮನಸ್ಸು ಮುರಿದ ಮೇಲೆ ಕಾಗದ ಇಟ್ಟುಕೊಂಡು ಏನು ಮಾಡುತ್ತೀಯ? ಒಂದು ವರ್ಷ ಸಾಕು. ಆದರೆ ನೀನು ತಂದ ಕೆಲಸದ ದುಡ್ಡು ನೀನು ಹೋದ ಮೇಲೆ ಬಂದರೂ ನಿನ್ನ ಪಾಲು ನಿನಗೆ ಸಿಗಬೇಕು ಅಂತ ಬರೆಸು. ಅದನ್ನು ಮರೆತವರು ತುಂಬಾ ಜನ.

ನಿಮ್ಮಪ್ಪನಿಗೆ ನಾನು ಹೇಳುತ್ತೇನೆ. ನಿನಗೆ ಆಫರ್ ಕೊಟ್ಟ ಏಜೆನ್ಸಿಯ ಕಾಗದ ಸಹಿ ಮಾಡುವ ಮುಂಚೆ ಭಾನುವಾರ ತಗೊಂಡು ಬಾ. ಮಧ್ಯಾಹ್ನದ ಊಟ ಇಲ್ಲೇ.

ಇಂತಿ,
ನಿನ್ನ ಅತ್ತೆ
ಮಲ್ಲೇಶ್ವರ